ಹೆಸರು ಮುಚ್ಚಿದ ಮಂಡಿ

ಲೈಟ್‌ಬಾಕ್ಸಿಗೆ ಸಿಕ್ಕಿಸಿದ್ದ ಎಡಮಂಡಿಯ ಸ್ಕ್ಯಾನನ್ನು ಡಾಕ್ಟರ್ ರಜನಿ ಅರ್ಧ ನಿಮಿಷವೂ ನೋಡಲಿಲ್ಲ. ಮೂಳೆಗಳನ್ನು ಬಿಗಿದಿಡುವ ಒಳಗಿನ ಲಿಗಮೆಂಟು ಮುಕ್ಕಾಲು ಪಾಲು ಹರಿದಿದೆ, ಇನ್ನೊಮ್ಮೆ ಜೋರಾಗಿ ತಿರುಗಿ ಓಡಿದರೆ ಉಳಿದದ್ದೂ ಹೋಗುತ್ತದೆ, ಆಮೇಲೆ ಈತ ಓಟದ ಆಸೆ ಬಿಡಬೇಕು ಎಂದುಬಿಟ್ಟಳು.

ವಾಯುವ್ಯ ಲಂಡನ್ನಿನ ನಾಲ್ಕು ಆಸ್ಪತ್ರೆಗಳ ಎಕ್ಸ್‌ರೇ ಡಾಕ್ಟರುಗಳು ಗುರುವಾರ ಮಧ್ಯಾಹ್ನ ಹೀಗೆ ಸೇರುವುದು ರೂಢಿ. ರೋಗಿಯ ಹೆಸರಿನ ಮೇಲೆ ಬಿಳಿ ಟೇಪು ಅಂಟಿಸಿ ಒಬ್ಬರು ಫಿಲ್ಮು ತೋರಿಸುತ್ತಾರೆ, ಉಳಿದವರು ಏನಾಗಿದೆಯೆಂದು ಹೇಳಬೇಕು. ಈ ಆಟದಲ್ಲಿ ರಜನಿಯನ್ನು ಸೋಲಿಸಿದವರಿಲ್ಲ. ೧೯೮೦ರಲ್ಲಿ ಮೈಸೂರಿನಿಂದ ಬಂದು ಇಪ್ಪತ್ತೆರಡು ವರ್ಷವಾಗಿದ್ದರೂ ಪ್ರತಿ ಗುರುವಾರ ಅವಳಿಗೆ ಹೊಸ ಹುರುಪು.

ಫಿಲ್ಮು ತಂದಿದ್ದವರು ಹೌದೆಂದು ತಲೆಯಾಡಿಸಿದರು. ರೋಗಿಗೆ ಇಪ್ಪತ್ತೊಂದು ವರ್ಷ, ಕಾಲೇಜು ತಂಡದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆ, ರನ್ನಿಂಗ್ ಬ್ಯಾಕ್ ಅಂತೆ ಎಂದರು. ಲಂಡನ್ನಿನಲ್ಲೂ ಅದನ್ನು ಆಡುವವರಿದ್ದಾರೆಯೇ ಎಂದು ಯಾರೋ ಕೇಳಿ ನಕ್ಕರು.

ಒಬ್ಬನಿದ್ದಾನೆಂದು ರಜನಿಗೆ ಗೊತ್ತಿತ್ತು. ಎದ್ದು ಹತ್ತಿರ ಹೋಗಿ ಮಂಡಿಚಿಪ್ಪಿನ ಮೇಲಂಚನ್ನು ನೋಡಿದಳು. ಅಲ್ಲೊಂದು ಮೂಳೆಯ ಚೂರು ಹುಟ್ಟಿನಿಂದಲೇ ಬೇರೆಯಾಗಿತ್ತು. ನೂರಕ್ಕೆ ಒಬ್ಬರಿಗೋ ಇಬ್ಬರಿಗೋ ಹಾಗಿರುತ್ತದೆ. ಮಗ ಋಷಿಕೇಶ್ ಒಂಬತ್ತರ ವಯಸ್ಸಿನಲ್ಲಿ ಸೈಕಲ್ಲಿನಿಂದ ಬಿದ್ದು ಅತ್ತಾಗ ಇದೇ ಚೂರನ್ನು ತೋರಿಸಿ, ಮುರಿದಿಲ್ಲ ಕಂದ, ನೀನು ಹುಟ್ಟಿದ್ದೇ ಹೀಗೆ ಎಂದು ಸಮಾಧಾನ ಮಾಡಿದ್ದಳು. ಟೇಪು ಕೀಳುವ ಅಗತ್ಯವೇ ಬೀಳಲಿಲ್ಲ. ಓಟದ ಆಸೆ ಬಿಡಬೇಕೆಂದು ತಾನು ಹೇಳಿದ್ದು ತನ್ನ ಮಗನ ಬಗ್ಗೆಯೇ. ಅಲ್ಲಿ ಕಂಡದ್ದನ್ನು ಹೊರಗೆ ಆಡುವಂತಿರಲಿಲ್ಲ. ರೋಗಿಗೆ ಹೇಳಬೇಕಾದವರು ಅವನ ಡಾಕ್ಟರು. ರೋಗಿ ಹೆತ್ತ ಮಗನಾದರೂ ಅಷ್ಟೇ.

ಸಂಜೆ ಕ್ವೀನ್ಸ್‌ಬರಿಯ ಮನೆಗೆ ಬಂದಾಗ ಬಾಗಿಲು ತೆಗೆದವನು ಅವನೇ. ಉಪ್ಪಿಟ್ಟು ತಿನ್ನುತ್ತ ಎಂದಿಗಿಂತ ಹೆಚ್ಚು ಮಾತಾಡಿದ. ಮೊದಲ ವರ್ಷವೆಲ್ಲ ಆಡಲು ಸಿಗದೆ ಬೆಂಚಿನ ಮೇಲೆ ಕೂತೇ ಕಳೆದಿದ್ದ, ಈ ವರ್ಷ ಎದುರಾಳಿಗಳ ನಡುವೆ ನುಗ್ಗಿ ಒಟ್ಟು ಏಳುನೂರು ಗಜ ಓಡಿ ತಂಡವನ್ನು ಫೈನಲ್ಲಿಗೆ ಮುಟ್ಟಿಸಿದ್ದ. ಫೈನಲ್ ಶನಿವಾರ. ಅವನನ್ನೇ ನೋಡಲೆಂದು ಜರ್ಮನಿಯ ಕ್ಲಬ್ಬಿನವರು ಬರುತ್ತಾರೆ, ಅವರು ಒಪ್ಪಿದರೆ ಮುಂದೆ ಸಂಬಳಕ್ಕೆ ಓಡುವುದೇ ಅವನ ಕೆಲಸ. ಮೂರು ವರ್ಷದಲ್ಲಿ ಒಮ್ಮೆಯೂ ಆಟ ನೋಡಲು ಬಾರದ ಅಮ್ಮ ಈ ಸಲ ಬರಲೇಬೇಕಂತೆ. ಮಂಡಿಯ ಸುದ್ದಿ ಮಾತ್ರ ಎತ್ತಲಿಲ್ಲ. ಅಮ್ಮನಿಗೆ ತಿಳಿಯಬಾರದೆಂದೇ ಬೇರೆ ಆಸ್ಪತ್ರೆಗೆ ಹೋಗಿದ್ದ ಜಾಣ ಅವನು; ಗುರುವಾರದ ಆಟ ಅವನಿಗೇನು ಗೊತ್ತು.

ರಜನಿ ಮಗನ ಫುಟ್‌ಬಾಲಿನ ಬಗ್ಗೆ ಮೊದಲ ಸಲ ಕುತೂಹಲದಿಂದ ವಿಚಾರಿಸತೊಡಗಿದಳು. ರನ್ನಿಂಗ್ ಬ್ಯಾಕ್ ಎಂದರೆ ಏನು ಮಾಡಬೇಕು? ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು. ಎದುರಿನವರು? ಮೈಮೇಲೆ ಬಿದ್ದು ಕೆಡವುತ್ತಾರೆ.

"ಅವರು ಅಡ್ಡ ಬಂದ್ರೆ?"

"ಗಕ್ಕನೆ ತಿರುಗ್ತೀನಿ. ಅದೇ ನನ್ನ ಸ್ಪೆಷಾಲಿಟಿ."

"ಯಾವ ಕಾಲಿನ ಮೇಲೆ?"

ಋಷಿಕೇಶ್ ಚಮಚ ಕೆಳಗಿಟ್ಟ. ಅಮ್ಮನಿಗೆ ಮಂಡಿಯ ವಿಷಯ ಹೇಗೋ ಗೊತ್ತಾಗಿದೆಯೆಂದು ಅವನಿಗೆ ಅರ್ಥವಾಯಿತು.

"ಸೋಮವಾರ ನಂಗೆ ಅಪಾಯಿಂಟ್‌ಮೆಂಟ್ ಇದೆ ಅಮ್ಮ. ಏನಿದ್ರೂ ಆ ಡಾಕ್ಟ್ರೇ ಹೇಳ್ಲಿ. ಶನಿವಾರದ ತನಕ ನೀನು ಡಾಕ್ಟರ್ ಆಗ್ಬೇಡ, ಪ್ಲೀಸ್. ಬರೀ ಅಮ್ಮ ಆಗಿರು."

"ಬಾಯಿ ಮುಚ್ಕೊಂಡು ಕೂತಿರೋದೇ ಡಾಕ್ಟರು ಕಣೋ," ಎಂದಳು ರಜನಿ. "ಬರೀ ಅಮ್ಮ ಆಗಿದ್ದಿದ್ರೆ, ನೀನು ಬಾಗಿಲು ತೆಗೆದಾಗ್ಲೇ ಹೇಳಿಬಿಡ್ತಿದ್ದೆ."