ಗಂಟು ಬಿದ್ದ ಸೀರೆ

"ಗಂಟು ಬಿದ್ದಿರೋ ಸೀರೆನ ಯಾವಳಮ್ಮಿ ಉಡ್ತಾಳೆ? ಅರ್ಧ ಬೆಲೆಗೆ ಕೊಡು, ಇಲ್ಲಾಂದ್ರೆ ನೀನೇ ಉಟ್ಕಂಡು ತಿರುಗು!" ಕೊಳ್ಳೇಗಾಲದ ವ್ಯಾಪಾರಿ ಶಾಂತರಾಜು ರೇಷ್ಮೆ ಸೀರೆಯನ್ನು ಮಗ್ಗದ ಮೇಲೆ ಎಸೆದ.

ಇಷ್ಟು ವರ್ಷ ಅವನು ಹೇಳಿದ ಬೆಲೆಗೆ ತಲೆ ತಗ್ಗಿಸಿದ್ದ ನೇಕಾರ್ತಿ ದೊಡ್ಡಬಸಮ್ಮನಿಗೆ ಪಿತ್ತ ನೆತ್ತಿಗೇರಿತು. ಇನ್‌ಸ್ಟಾಗ್ರಾಮಿನಲ್ಲಿ ಲೈವ್ ಹಾಕಿ, ಆ ಗಂಟನ್ನೇ ಫೋನಿಗೆ ಹಿಡಿದಳು. "ನೋಡಿ ಅಕ್ಕದೀರಾ, ನೇಯುವಾಗ ಎಳೆ ಕಿತ್ತೋಯ್ತು. ನಾನೇ ಗಂಟಾಕಿವ್ನಿ, ಮುಚ್ಚಿಡಾಕಿಲ್ಲ. ಬೆಲೆ ಮಾತ್ರ ಪೂರ್ತಿ."

ಶಾಂತರಾಜು ಕಿಸಕ್ಕನೆ ನಕ್ಕ. ಅಷ್ಟರಲ್ಲಿ ಮೈಸೂರಿನ ಗಿರಾಕಿಯೊಬ್ಬಳ ಕಾಮೆಂಟು ಬಂತು: "ಕೈಮಗ್ಗದ್ದು ಅನ್ನೋಕೆ ಆ ಗಂಟೇ ಸಾಕ್ಷಿ. ಸೀರೆ ನನಗಿರಲಿ." ಬೆನ್ನಿಗೇ ಇನ್ನೂ ನಾಲ್ವರು ನನಗೆ, ನನಗೆ ಎಂದರು. ದೊಡ್ಡಬಸಮ್ಮ ಒಂದೊಂದನ್ನೂ ಗಟ್ಟಿಯಾಗಿ ಓದಿದಳು.

"ಆಯ್ತು, ಪೂರ್ತಿ ಬೆಲೆನೇ ತಕ" ಎಂದು ಶಾಂತರಾಜು ಸೀರೆಗೆ ಕೈ ಚಾಚಿದ.

"ಐದು ಜನ ಮುಂದವ್ರೆ ಸಾ, ಹಿಂದೆ ನಿಂತ್ಕಳಿ!"

ಅವನು ಚಪ್ಪಲಿ ಮೆಟ್ಟಿ ಹೊರಟವನು ಮತ್ತೆ ಆ ಹೊಸಿಲು ತುಳಿಯಲಿಲ್ಲ.