ಮೋಟ ಕಲಿತ ವಿದ್ಯೆ

ಗಾಳಿಗೆ ಬಾಗಿಲು ದಢಾರನೆ ಬಡಿದುಕೊಂಡಿದ್ದೇ ತಡ, ಮಾಜಿ ಸೈನಿಕ ಬೆಚ್ಚಿಬಿದ್ದು ಊರುಗೋಲೆತ್ತಿದ. "ಚಿಲಕ ಹಾಕು ಅಂತ ಎಷ್ಟು ಸಲ ಬಡ್ಕೋಬೇಕು ನಿಂಗೆ?" ಹೆಂಡತಿಯತ್ತ ಎತ್ತಿದ ಊರುಗೋಲು ಅವನ ಕೈಯಲ್ಲಿ ಚೂರೂ ಅಲುಗಲಿಲ್ಲ.

ಸದ್ದಿಗೆ ಬೆಚ್ಚುವ ಸೈನಿಕನಿಗೆಂದು ನಾಯಿಯನ್ನು ಒಪ್ಪಿಸಲು ಬಂದಿದ್ದ ತರಬೇತುದಾರ ಹಗ್ಗ ಸಡಿಲಬಿಟ್ಟ. ಇಂಥ ಹೊತ್ತಿಗೆಂದೇ ಅವನು ಮೋಟನನ್ನು ಪಳಗಿಸಿದ್ದ. ಬೀದಿಯಲ್ಲಿ ಕಲ್ಲೇಟು ತಿಂದು ಬೆಳೆದ ಆ ಮೋಟುಬಾಲದ ನಾಯಿಗೆ ಕಲಿಸಿದ್ದು ಒಂದೇ ವಿದ್ಯೆ: ಹೆದರಿ ನಡುಗುವವರ ತೊಡೆಯ ಮೇಲೆ ತಲೆಯಿಡಬೇಕು, ನಡುಕ ನಿಲ್ಲುವವರೆಗೆ ಯಾರು ಕರೆದರೂ ಏಳಬಾರದು.

ಮೋಟ ಎದ್ದು ನಡೆಯಿತು. ಸೈನಿಕನ ಕೃತಕ ಕಾಲನ್ನು ಮೂಸಿಯೂ ನೋಡದೆ ದಾಟಿಹೋಗಿ, ಗೋಡೆಬದಿಯ ಕುರ್ಚಿಯಲ್ಲಿ ಮುದುಡಿ ಕೂತಿದ್ದ ಅವನ ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟಿತು.

"ಒಳ್ಳೇ ನಾಯಿ ತಂದ್ರಿ ಬಿಡಿ. ಯಜಮಾನ ಯಾರು ಅಂತಾನೇ ಗೊತ್ತಿಲ್ಲ ಇದಕ್ಕೆ," ಎಂದು ಸೈನಿಕ ನಕ್ಕ. ತರಬೇತುದಾರನಿಗೆ ನಗು ಬರಲಿಲ್ಲ. ಅವನು ತನ್ನನ್ನೇ ನೋಡುತ್ತಿರುವುದು ಗೊತ್ತಾಗಿ ಅವಳು ತೋಳಿನ ಮೇಲಿನ ಬಟ್ಟೆಯನ್ನು ಕೆಳಗೆಳೆದುಕೊಂಡಳು.

"ಯುದ್ಧದಿಂದ ಬಂದ್ಮೇಲೆ ಇವರಿಗೆ ಸ್ವಲ್ಪ ಕೋಪ, ಅಷ್ಟೇ ಅಣ್ಣ. ನಾಯೀನೇ ಸರಿಯಿಲ್ಲ. ಕರ್ಕೊಂಡು ಹೋಗ್ಬಿಡಿ."

ತರಬೇತುದಾರ ಹೆಸರು ಹಿಡಿದು ಕರೆದ. ಹಗ್ಗ ಜಗ್ಗಿದ. ಜೇಬಿನಿಂದ ಬಿಸ್ಕತ್ತು ತೆಗೆದು ತೋರಿಸಿದ. ಅವಳೂ ಎರಡು ಕೈಯಲ್ಲಿ ಅದರ ತಲೆಯನ್ನು ಆಚೆ ದೂಡಿದಳು.

ಮೋಟ ಏಳಲಿಲ್ಲ.