ಡ್ರೈವರ್ ಸೀಟಿನ ಕೆಳಗೆ

ಕಾರ್ಪೆಟ್ಟನ್ನು ಬ್ಲೇಡಿನಲ್ಲಿ ಕೊಯ್ದಿದ್ದರು. ಶಬನಂ ಕೊಯ್ದ ಅಂಚನ್ನು ಎತ್ತಿ ಟಾರ್ಚ್ ಹಿಡಿದಳು. ಡ್ರೈವರ್ ಸೀಟಿನ ಕೆಳಗೆ, ಕಾರಿನ ತಳದ ತಗಡಿನಲ್ಲಿ, ಮುಷ್ಟಿ ತೂರುವಷ್ಟು ದೊಡ್ಡ ತೂತು.

ಬ್ರೂಸ್‌ಪೇಟೆಯಲ್ಲಿ ಗಾಡಿಗಳ ವೈರಿಂಗ್ ಎಂದರೆ ಜನ ಅವಳ ಅಂಗಡಿ ತೋರಿಸುತ್ತಿದ್ದರು. ತಂದೆ ಅಮೀರಸಾಬ್ ಕಲಿಸಿದ ವಿದ್ಯೆ. ಅವರು ತೀರಿಕೊಂಡ ಮೇಲೆ ಷಟರ್ ಎತ್ತುವವಳು ಅವಳೇ. ಈ ಹನ್ನೆರಡು ವರ್ಷದಲ್ಲಿ ಇಂಥದನ್ನು ಕಂಡಿರಲಿಲ್ಲ.

ಬೆಳಿಗ್ಗೆ ಕಾರು ತಂದವನು ಸಿರುಗುಪ್ಪದ ಗವಿಸಿದ್ದೇಶ್. ಎತ್ತರದ ಆಳು. ಕೆಂಪು ಕಣ್ಣು, ಮಾತೆಂದರೆ ಸಿಡುಕು. ರಾತ್ರಿಯ ಅಮಲು ಇನ್ನೂ ಇಳಿದಿಲ್ಲ ಎಂದುಕೊಂಡಿದ್ದಳು ಶಬನಂ.

“ಹೋದ ತಿಂಗಳು ಕುರುಗೋಡಿನಾಗ ನಮ್ಮ ಭಾವಮೈದುನ ಜೋರು ಸೌಂಡಿನ ದಪ್ಪ ಸೈಲೆನ್ಸರ್ ಪೈಪ್ ಹಾಕಿಕೊಟ್ಟ. ಆವಾಗಿಂದ ಎಂಜಿನ್ ದೀಪ ಆರವಲ್ದು,” ಎಂದಿದ್ದ ಹಣೆ ಒತ್ತಿಕೊಳ್ಳುತ್ತ.

“ಆಕ್ಸಿಜನ್ ಸೆನ್ಸರ್ ವೈರ್ ನೋಡಬೇಕ್ರಿ. ಹೊಸ ಪೈಪಿನಾಗ ಸೆನ್ಸರ್ ಹಿಂದಕ್ಕ ಹೋಗಿರತೈತಿ. ವೈರ್ ಸಾಲದ್ದಕ್ಕ ಗಂಟು ಹಾಕಿರ್ತಾರ.”

“ದೀಪ ಆರಿಸು, ಸಾಕು. ಬ್ಯಾರೆ ಏನೂ ಮುಟ್ಟಬ್ಯಾಡ. ಮನಿಯಾಗ ಖಡಕ್ ಹೇಳ್ಯಾರ.”

“ಗಾಡಿ ದಿನಾ ಓಡತೈತೇನ್ರಿ?”

“ದಿನಾ. ಸಿರುಗುಪ್ಪದಿಂದ ಬಳ್ಳಾರಿಗೆ. ಗ್ಲಾಸ್ ಏರಿಸಿ, ಎಸಿ ಹಾಕ್ಕೊಂಡು.” ಹೊರಟವನು ತಿರುಗಿ ನಿಂತ. “ಗಾಡಿ ನನ್ನ ಹೆಂಡ್ತಿ ಸುನಂದಾಂದು. ಜ್ವಾಕಿ. ಮಧ್ಯಾಹ್ನ ಇಬ್ರೂ ಬರ್ತೀವಿ.”

ಗಂಟು ಬೇಗ ಸಿಕ್ಕಿತ್ತು. ಬಿಸಿ ಪೈಪಿಗೆ ತಾಗಿ ಅದರ ಟೇಪು ಕರಗಿತ್ತು. ಅಂಥ ಅರೆಬರೆ ಕೆಲಸವನ್ನು ಅವಳು ದಿನವೂ ನೋಡುತ್ತಾಳೆ. ತೂತು ಹಾಗಿರಲಿಲ್ಲ. ಬೆರಳು ದಪ್ಪದ ವೈರಿಗೆ ಇಷ್ಟು ಜಾಗ ಬೇಕಿಲ್ಲ. ಅಂಚನ್ನು ಅರದಿಂದ ಉಜ್ಜಿ ನಯ ಮಾಡಿದ್ದರು. ಸರಿಯಾಗಿ ಅದರ ಕೆಳಗೆ ಹೊಸ ಪೈಪಿನ ಜೋಡಣೆ. ಬಿಗಿಯಾಗಿರಬೇಕಾದ ಪಟ್ಟಿ ಸಡಿಲ. ಕಾರ್ಪೆಟ್ಟಿನ ತಳ ಮಸಿ ಹಿಡಿದಿತ್ತು.

ಹೊಗೆ ಒಳಗೆ ಬರುತ್ತಿತ್ತು. ಅದರೊಳಗಿನ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ತಂದೆ ಹೇಳುತ್ತಿದ್ದರು. ಮೊದಲು ತಲೆನೋವು. ಆಮೇಲೆ ತೂಕಡಿಕೆ. ಒಂದು ದಿನ ಎಚ್ಚರವೇ ಆಗುವುದಿಲ್ಲ.

ಶಬನಂ ಡ್ಯಾಶ್‌ಬೋರ್ಡ್ ಖಾನೆ ತೆರೆದು ಗಾಡಿಯ ಕಾಗದ ನೋಡಿದಳು. ಸುನಂದಾ ಎಂದೇ ಇತ್ತು. ಕಾರು ಹೆಂಡತಿಯದು. ಬೇರೆ ಏನೂ ಮುಟ್ಟಬೇಡ ಎಂದವನು ಗಂಡ.

ಅವಳು ಮುಟ್ಟಿದಳು. ತಗಡು ಕತ್ತರಿಸಿ, ರಿವೆಟ್ ಹೊಡೆದು, ಸುತ್ತಲೂ ಸೀಲ್ ಹಚ್ಚಿದಳು. ಪಟ್ಟಿ ಬಿಗಿದಳು. ಸೆನ್ಸರಿಗೆ ಶಾಖ ತಡೆಯುವ ಹೊಸ ವೈರ್ ಎಳೆದಳು. ದೀಪ ಆರಿತು.

ಮೂರು ಗಂಟೆಗೆ ಸುನಂದಾ ಒಬ್ಬಳೇ ಒಳಗೆ ಬಂದಳು. ಕುಳ್ಳಗಿನ, ಮೆಲುದನಿಯ ಹೆಂಗಸು.

“ಈಗ ಬಸ್ಸಿಳಿದೆ. ಅವರು ಎದುರಿನ ಹೋಟೆಲ್‌ನಾಗ ಚಾ ಕುಡ್ಯಾಕತ್ಯಾರ. ಗಾಡಿ ಆತೇನವ್ವಾ?”

ಬಳೆ ಸರಿಸಿಕೊಂಡಾಗ ಮಣಿಕಟ್ಟು ಕಂಡಿತು. ಹಸಿರುಗಟ್ಟಿದ ಗುರುತು, ನಾಲ್ಕು ಬೆರಳಿನದು. ಶಬನಂಳಲ್ಲಿ ಉಳಿದಿದ್ದ ಅನುಮಾನವೂ ಹೋಯಿತು. ಅವಳು ಬಾಗಿಲಿಗೆ ಅಡ್ಡ ನಿಂತಳು.

“ಅಕ್ಕಾ, ಪೊಲೀಸರ ಕಡಿ ಹೋಗೂಣು ನಡೀರಿ. ನಿಮ್ಮನ್ನ ಕೊಲ್ಲಾಕ ನೋಡ್ಯಾರ. ಡ್ರೈವರ್ ಸೀಟಿನ ಬುಡಕ ತೂತು ಹೊಡ್ಸಿ, ಹೊಗಿ ಒಳಗ ಬಿಟ್ಟಾರ.”

ಸುನಂದಾ ಬೆಚ್ಚಲಿಲ್ಲ. ಸ್ಟೂಲಿನ ಮೇಲೆ ಮೆಲ್ಲಗೆ ಕುಳಿತಳು.

“ಅವರಿಗೆ ಹೇಳಿದೇನು?”

“ಇಲ್ರಿ. ಸುಮ್ನ ಮುಚ್ಚಿಬಿಟ್ಟೆ.”

“ಮುಚ್ಚಿದಿ?” ಆ ಮೆಲುದನಿ ಒಡೆಯಿತು.

ಬೀದಿಯಾಚೆ ಗವಿಸಿದ್ದೇಶ್ ಲೋಟ ಕೆಳಗಿಟ್ಟ. ತಲೆ ಹಿಡಿದುಕೊಂಡು ರಸ್ತೆ ದಾಟಲು ನಿಂತ. ಸುನಂದಾ ಎದ್ದು ಬಂದು ಶಬನಂಳ ಎರಡೂ ಕೈ ಹಿಡಿದಳು. ಬೆರಳು ತಣ್ಣಗಿದ್ದವು.

“ಆ ತಗಡು ತಗದುಬಿಡವ್ವಾ, ನಿನ್ನ ಕಾಲಿಗೆ ಬೀಳ್ತೀನಿ,” ಎಂದಳು. “ನನಗ ಗಾಡಿ ಹೊಡ್ಯಾಕ ಬರಂಗಿಲ್ಲ.”